ಕಾಲಿಗೆಂದು ಕಟ್ಟಿದ ಸಂಗೀತ

ಆಷಾಢದ ಒಂದು ಭಾನುವಾರ. ಹೊರಗೆ ಜಿನುಗುಮಳೆ ಹಿಡಿದಿತ್ತು. ನಾನು ಹಳೆಯ ಗ್ರಾಮಫೋನಿಗೆ ಕೀಲಿ ಕೊಟ್ಟು, ಹೊಸ ಮುಳ್ಳು ಚುಚ್ಚಿ, ಒಂದು ಪ್ಲೇಟನ್ನು ಹಾಕಿಕೊಂಡು ಕುಳಿತಿದ್ದೆ. ಅಷ್ಟರಲ್ಲಿ ನಮ್ಮ ಬೀದಿಯ ಪಿಟೀಲು ವಿದ್ವಾಂಸರು ಕೊಡೆ ಮಡಿಸುತ್ತ ಒಳಗೆ ಬಂದರು. ಅವರು ನನಗಿಂತ ಹತ್ತು ವರ್ಷಕ್ಕೆ ಹಿರಿಯರು. ಸಂಗೀತದಲ್ಲಿಯಾದರೋ ನನಗೂ ಅವರಿಗೂ ಇರುವ ಅಂತರವನ್ನು ವರ್ಷಗಳಲ್ಲಿ ಅಳೆಯಲು ಬಾರದು. ಪ್ಲೇಟು ಮುಗಿಯುವ ತನಕ ಸೌಜನ್ಯದಿಂದ ಸುಮ್ಮನಿದ್ದು, ಅನಂತರ ನಕ್ಕು ಹೇಳಿದರು: “ಅಲ್ಲ ಸ್ವಾಮಿ, ಚೌಡಯ್ಯನವರ ಪ್ಲೇಟುಗಳನ್ನು ಮನೆಯಲ್ಲಿಟ್ಟುಕೊಂಡು ಇದನ್ನು ಕೇಳುತ್ತೀರಲ್ಲ! ಇದರಲ್ಲಿ ರಾಗವೆಲ್ಲಿ? ಮನೋಧರ್ಮವೆಲ್ಲಿ? ಬರೆದುಕೊಟ್ಟದ್ದನ್ನು ನುಡಿಸುವುದು, ಕುಣಿಯುವವರು ಕುಣಿಯುವುದು, ದೀಪ ಆರಿಸಿ ಮನೆಗೆ ಹೋಗುವುದು. ಕೂತು ಕೇಳುವುದಕ್ಕೆ ಇದರಲ್ಲಿ ಏನಿದೆ?”

ಪ್ರಶ್ನೆ ನ್ಯಾಯವಾದದ್ದೇ. ಆ ಹೊತ್ತಿಗೆ ನಾನು ಕೊಟ್ಟ ಉತ್ತರ ತೀರ ಸಪ್ಪೆಯಾಗಿತ್ತು. “ಏನೋ, ಕಿವಿಗೆ ಹಿತವಾಗಿದೆ” ಎಂದೆ. ಅವರು ಕಾಫಿ ಕುಡಿದು ಹೊರಟುಹೋದರು. ಆದರೆ ಅವರ ಮಾತು ನನ್ನನ್ನು ಬಿಡಲಿಲ್ಲ. ಮೂವತ್ತು ವರ್ಷಗಳಿಂದ ಕೇಳುತ್ತಿರುವ ಸಂಗೀತವನ್ನು ಏಕೆ ಕೇಳುತ್ತೇನೆಂದು ಹೇಳಲು ಬಾರದಿದ್ದರೆ ಆ ಕೇಳ್ಮೆಗೆ ಏನು ಬೆಲೆ?

ಮೊದಲು ಇದು ಎಂಥ ಸಂಗೀತವೆಂಬುದನ್ನು ಹೇಳಬೇಕು. ಬ್ಯಾಂಡ್ ಎಂದರೆ ನಮ್ಮವರ ಕಣ್ಣಮುಂದೆ ಬರುವುದು ಮದುವೆಯ ದಿಬ್ಬಣ, ಅಥವಾ ಮೈಸೂರಿನ ದಸರೆಯ ಮೆರವಣಿಗೆ. ನಾನು ಹೇಳುತ್ತಿರುವುದು ಅದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ನ್ಯೂಯಾರ್ಕ್, ಲಂಡನ್ ಮೊದಲಾದ ನಗರಗಳ ಹೋಟೆಲುಗಳಲ್ಲಿಯೂ ನೃತ್ಯಶಾಲೆಗಳಲ್ಲಿಯೂ ಗಂಡುಹೆಣ್ಣು ಜೊತೆಯಾಗಿ ಹೆಜ್ಜೆ ಹಾಕುವುದಕ್ಕೆಂದು ಹತ್ತು ಹದಿನೈದು ಮಂದಿ ಕುಳಿತು ನುಡಿಸುತ್ತಿದ್ದ ವಾದ್ಯವೃಂದದ ಸಂಗೀತ ಇದು. ಎರಡು ಮೂರು ಸ್ಯಾಕ್ಸೊಫೋನ್, ಎರಡು ಟ್ರಂಪೆಟ್, ಒಂದು ಟ್ರಾಂಬೋನ್, ಒಂದೆರಡು ಪಿಟೀಲು, ಪಿಯಾನೊ, ಬ್ಯಾಂಜೊ, ಮಂದ್ರಕ್ಕೆ ಒಂದು ವಾದ್ಯ, ಲಯಕ್ಕೆ ಡ್ರಮ್ಮು. ಇಷ್ಟೇ ಅದರ ಬಳಗ. ನಾಲ್ಕು ಎಣಿಕೆಯ ಫಾಕ್ಸ್‌ಟ್ರಾಟ್, ಮೂರು ಎಣಿಕೆಯ ವಾಲ್ಟ್ಸ್, ಇವೇ ಅದರ ಮುಖ್ಯ ನಡೆಗಳು.

ಈ ಪ್ಲೇಟುಗಳು ನನಗೆ ಸಿಕ್ಕಿದ್ದು ಬೆಂಗಳೂರಿನ ಭಾನುವಾರದ ಸಂತೆಯಲ್ಲಿ. ದಂಡಿನ ಪ್ರದೇಶದ ಯಾವುದೋ ಮನೆಯನ್ನು ಖಾಲಿ ಮಾಡಿದಾಗ ಹೊರಬಿದ್ದವೆಂದು ಮಾರುವವನು ಹೇಳಿದ. ತುಕ್ಕುಹಿಡಿದ ಬೀಗಗಳ ಪಕ್ಕದಲ್ಲಿ ಒಂದು ಗೋಣಿಚೀಲದ ಮೇಲೆ ಅವು ಹರಡಿದ್ದುವು. ಹಾಡಿನ ಹೆಸರೊಂದೂ ನನಗೆ ತಿಳಿಯದು. ಪೆಟ್ಟಿಗೆಯಂಥ ಗ್ರಾಮಫೋನಿನ ಜೊತೆಗೆ ಅವೂ ಇರಲೆಂದು ತಂದೆ, ಅಷ್ಟೆ.

ಮೊದಲ ಕೆಲವು ತಿಂಗಳು ಎಲ್ಲ ಪ್ಲೇಟುಗಳೂ ಒಂದೇ ಎನಿಸಿದುವು. ಅದಕ್ಕೆ ಕಾರಣವಿಲ್ಲದೆ ಇಲ್ಲ. ಹತ್ತು ಅಂಗುಲದ ತಟ್ಟೆ ನಿಮಿಷಕ್ಕೆ ೭೮ ಸುತ್ತು ತಿರುಗಿ ಮೂರು ನಿಮಿಷದಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಹಾಡಿನ ಪಲ್ಲವಿಯನ್ನು ವೃಂದ ಒಮ್ಮೆ ನುಡಿಸಬೇಕು, ಗಾಯಕನೊಬ್ಬ ಎದ್ದು ಒಮ್ಮೆ ಹಾಡಬೇಕು, ಮತ್ತೆ ವೃಂದ ಎತ್ತಿಕೊಂಡು ಮುಕ್ತಾಯಕ್ಕೆ ತರಬೇಕು. ಆ ಪಲ್ಲವಿಯಾದರೂ ಬಹುತೇಕ ಮೂವತ್ತೆರಡು ಆವರ್ತಗಳ ಒಂದೇ ಅಚ್ಚಿನದು: ಎಂಟು ಆವರ್ತದ ಒಂದು ಸಾಲು, ಅದರದೇ ಪುನರುಕ್ತಿ, ಬೇರೆ ಬಣ್ಣದ ಮತ್ತೊಂದು ಎಂಟು, ಕೊನೆಗೆ ಮೊದಲಿನದಕ್ಕೆ ಮರಳುವುದು. ಕುಣಿಯುವವರಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗಿರಲಿಲ್ಲ. ಕಾಲಿಗೆ ಎಣಿಕೆ ತಪ್ಪದಿದ್ದರೆ ಸಾಕು. ಕಿವಿ ಜೊತೆಗಾತಿಯ ಮಾತಿನಲ್ಲಿರುತ್ತಿತ್ತು.

ಒಂದು ಸಂಜೆ ಹಾಡನ್ನು ಬಿಟ್ಟು ಹಾಡಿನ ಹಿಂದಿನದನ್ನು ಕೇಳೋಣವೆಂದು ಕುಳಿತೆ. ಒಂದು ಸಲ ಸ್ಯಾಕ್ಸೊಫೋನುಗಳನ್ನು ಮಾತ್ರ ಹಿಡಿದು ಹೋದೆ. ಮತ್ತೊಮ್ಮೆ ಪಿಯಾನೊದ ಎಡಗೈಯನ್ನು. ಮತ್ತೊಮ್ಮೆ, ಬಾಯಿಗೆ ಮುಚ್ಚಳವಿಟ್ಟು ನುಡಿಸುವ ಟ್ರಂಪೆಟ್ಟನ್ನು. ಆಗ ಬಾಗಿಲು ತೆರೆಯಿತು. ಗಾಯಕ ಉಸಿರೆಳೆದುಕೊಳ್ಳುವ ಎಡೆಯಲ್ಲಿ ಕ್ಲಾರಿಯೊನೆಟ್ಟು ನಾಲ್ಕೇ ಸ್ವರದಲ್ಲಿ ಅವನಿಗೆ ಉತ್ತರ ಕೊಡುತ್ತದೆ. ಎರಡನೆಯ ಸಲ ಅದೇ ಎಡೆ ಬಂದಾಗ ಉತ್ತರ ಬೇರೆ. ನೃತ್ಯಶಾಲೆಯ ಗದ್ದಲದಲ್ಲಿ ಇದನ್ನು ಕೇಳಿದವರು ಯಾರು? ಪ್ರಾಯಶಃ ಯಾರೂ ಇಲ್ಲ. ಕೇಳುವವರಿಲ್ಲವೆಂದು ಬಲ್ಲವನು ಅದನ್ನು ಅಷ್ಟು ಜತನದಿಂದ ಬರೆದ. ಅಷ್ಟೇ ಜತನದಿಂದ ಇನ್ನೊಬ್ಬ ಅದನ್ನು ನುಡಿಸಿದ.

ಈ ಸಂಗೀತದ ಪೂರ್ವಕಥೆ ಹುಡುಕಿ ಓದಲು ತೊಡಗಿದ್ದು ಅನಂತರವೇ. ನೃತ್ಯ ವಾದ್ಯವೃಂದಕ್ಕೆ ರೂಪ ಕೊಟ್ಟವರಲ್ಲಿ ಮೊದಲಿಗರೆಂದು ಹೇಳಬೇಕಾದವನು ಜೇಮ್ಸ್ ರೀಸ್ ಯೂರೋಪ್. ಹೆಸರು ಯೂರೋಪ್ ಆದರೂ ಅವನು ಅಮೆರಿಕದ ನೀಗ್ರೋ ಜನಾಂಗಕ್ಕೆ, ಇಂದಿನ ಮಾತಿನಲ್ಲಿ ಆಫ್ರಿಕನ್ ಅಮೆರಿಕನ್ ಸಮುದಾಯಕ್ಕೆ ಸೇರಿದವನು. ೧೯೧೦ರಲ್ಲಿ ನ್ಯೂಯಾರ್ಕಿನಲ್ಲಿ ತನ್ನ ಜನದ ವಾದ್ಯಗಾರರನ್ನು ಒಟ್ಟುಗೂಡಿಸಿ ಕ್ಲೆಫ್ ಕ್ಲಬ್ ಎಂಬ ಸಂಘವನ್ನು ಕಟ್ಟಿ, ಅವರಿಗೆ ಕೆಲಸವೂ ಅದಕ್ಕೆ ತಕ್ಕ ಸಂಬಳವೂ ದೊರೆಯುವಂತೆ ಮಾಡಿದ. ೧೯೧೨ರ ಮೇ ೨ರಂದು ನೂರಕ್ಕೂ ಮಿಕ್ಕಿದ ವಾದ್ಯಗಾರರೊಡನೆ ಕಾರ್ನೆಗಿ ಹಾಲಿನ ವೇದಿಕೆಯನ್ನೇರಿದ. ಮುಂದೆ ವರ್ನನ್ ಮತ್ತು ಐರೀನ್ ಕ್ಯಾಸಲ್ ಎಂಬ ಪ್ರಸಿದ್ಧ ನೃತ್ಯ ದಂಪತಿಗಳಿಗೆ ಇವನದೇ ವಾದ್ಯವೃಂದ. ಫಾಕ್ಸ್‌ಟ್ರಾಟ್ ಜಗತ್ತಿಗೆಲ್ಲ ಹರಡಿದ್ದು ಈ ಮೂವರ ಕೂಟದಿಂದ. ೧೯೧೩ರ ಡಿಸೆಂಬರಿನಲ್ಲಿ ವಿಕ್ಟರ್ ಕಂಪನಿಗೆ ಇವನ ವೃಂದ ನುಡಿಸಿದ ತಟ್ಟೆಗಳನ್ನು ಕೇಳಿದರೆ ಒಂದು ಬಿರುಗಾಳಿಯೇ ಕೋಣೆಯೊಳಗೆ ನುಗ್ಗಿದಂತಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ, ತನ್ನ ದಳದ ಬ್ಯಾಂಡಿನಿಂದ ಅಲ್ಲಿಯವರನ್ನು ಬೆರಗುಗೊಳಿಸಿ ಹಿಂದಿರುಗಿದ. ಆದರೆ ೧೯೧೯ರ ಮೇ ೯ರಂದು ಬಾಸ್ಟನ್ ನಗರದಲ್ಲಿ, ಕಚೇರಿಯ ನಡುವಿನ ಬಿಡುವಿನಲ್ಲಿ, ತನ್ನದೇ ಬ್ಯಾಂಡಿನ ಡ್ರಮ್ಮುಗಾರನೊಬ್ಬನ ಚೂರಿಗೆ ಗುರಿಯಾಗಿ ಮಡಿದ.

ಅವನ ಮರಣದ ಮರುವರ್ಷ ಪಾಲ್ ವೈಟ್‌ಮನ್ ಎಂಬ ಬಿಳಿಯ ನಾಯಕನ ‘ವಿಸ್ಪರಿಂಗ್’ ಎಂಬ ತಟ್ಟೆ ದಶಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅವನ ಆಸ್ಥಾನದ ವಾದ್ಯಸಂಯೋಜಕ ಫರ್ಡಿ ಗ್ರೋಫೆ. ಪ್ರತಿ ವಾದ್ಯಕ್ಕೂ ಪ್ರತ್ಯೇಕ ಪಾಠ ಬರೆದು ವೃಂದವನ್ನು ಹೆಣೆಯುವ ವಿದ್ಯೆ ಅವನ ಕೈಯಲ್ಲಿ ಪಳಗಿತು. ೧೯೨೪ರ ಫೆಬ್ರವರಿ ೧೨ರಂದು ಗೆರ್ಶ್‌ವಿನ್ನನ ‘ರಾಪ್ಸಡಿ ಇನ್ ಬ್ಲೂ’ ಮೊದಲಿಗೆ ಕೇಳಿದ್ದು ಈ ವೃಂದದಿಂದಲೇ. ಅದರ ವಾದ್ಯಸಂಯೋಜನೆಯೂ ಗ್ರೋಫೆಯದೇ. ವೈಟ್‌ಮನ್ನನಿಗೆ ‘ಜಾಸಿನ ರಾಜ’ನೆಂಬ ಬಿರುದು ಬಂತು. ಅದೇ ಕಾಲದಲ್ಲಿ, ೧೯೨೭ರಿಂದ, ಡ್ಯೂಕ್ ಎಲಿಂಗ್‌ಟನ್ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ. ಅಲ್ಲಿ ಪ್ರೇಕ್ಷಕರಾಗಿ ಕೂರಲು ಬಿಳಿಯರಿಗಷ್ಟೇ ಅವಕಾಶ. ವೇದಿಕೆಯ ಮೇಲಿದ್ದವರು ತಮ್ಮ ಮನೆಯವರನ್ನು ಎದುರಿನ ಕುರ್ಚಿಯಲ್ಲಿ ಕೂರಿಸುವಂತಿರಲಿಲ್ಲ. ಈ ಸಂಗೀತದ ಸೊಗಸನ್ನು ಹೇಳುವವನು ಈ ಮಾತನ್ನೂ ಹೇಳದಿದ್ದರೆ ಅಪಚಾರವಾದೀತು.

ತಟ್ಟೆಯ ಮೇಲೆ ಧ್ವನಿಯನ್ನು ಮೂಡಿಸುವ ಬಗೆಯೂ ಈ ಸಂಗೀತವನ್ನು ತಿದ್ದಿತು. ೧೯೨೫ರವರೆಗೆ ಧ್ವನಿಮುದ್ರಣಕ್ಕೆ ವಿದ್ಯುತ್ತಿನ ನೆರವಿರಲಿಲ್ಲ. ದೊಡ್ಡದೊಂದು ಕಹಳೆಯ ಬಾಯಿಗೆ ಎಲ್ಲರೂ ಒತ್ತೊತ್ತಾಗಿ ನಿಂತು ನುಡಿಸಬೇಕು. ಆ ಸದ್ದಿನ ಬಲದಿಂದಲೇ ಮುಳ್ಳು ಮೇಣದ ಮೇಲೆ ಗೆರೆ ಕೊರೆಯಬೇಕು. ಮಂದ್ರದ ದೊಡ್ಡ ಪಿಟೀಲು ಕಹಳೆಗೆ ಕೇಳಿಸದೆಂದು ಟ್ಯೂಬಾ ಎಂಬ ಹಿತ್ತಾಳೆ ವಾದ್ಯವನ್ನು ತಂದರು; ದೊಡ್ಡ ಡ್ರಮ್ಮಿನ ಹೊಡೆತಕ್ಕೆ ಮುಳ್ಳು ಹಾರೀತೆಂದು ಮರದ ತುಂಡನ್ನು ತಟ್ಟಿದರು. ತಪ್ಪಿದರೆ ತಿದ್ದುವಂತಿಲ್ಲ, ಮೇಣವನ್ನು ಎಸೆದು ಮೊದಲಿನಿಂದ ನುಡಿಸಬೇಕು. ೧೯೨೫ರಲ್ಲಿ ಮೈಕ್ರೊಫೋನು ಬಂದ ಮೇಲೆ ಪಿಸುಮಾತೂ ತಟ್ಟೆಗೆ ಇಳಿಯತೊಡಗಿತು. ಕೊರಳೆತ್ತಿ ಹಾಡುವ ಕಾಲ ಹೋಗಿ, ಪಕ್ಕದಲ್ಲಿ ಕುಳಿತವರೊಡನೆ ಮಾತಾಡಿದಂತೆ ಹಾಡುವ ಗಾಯಕರು ಹುಟ್ಟಿದರು.

ಅಂಥವರಲ್ಲಿ ನನ್ನ ಮನಸ್ಸನ್ನು ಸೂರೆಗೊಂಡವನು ಆಲ್ ಬೌಲಿ. ಗ್ರೀಕ್ ತಂದೆ, ಲೆಬನಾನಿನ ತಾಯಿ. ಹುಟ್ಟಿದ್ದು ಆಫ್ರಿಕದ ಮೊಜಾಂಬಿಕ್ಕಿನಲ್ಲಿ, ಬೆಳೆದದ್ದು ಜೊಹಾನ್ಸ್‌ಬರ್ಗಿನಲ್ಲಿ, ಮೊದಲ ಕಸುಬು ಕ್ಷೌರ. ಲಂಡನ್ನಿಗೆ ಬಂದು ರೇ ನೋಬಲ್ ಎಂಬ ನಾಯಕನ ವೃಂದದೊಡನೆ ಹಾಡಿದ. ಈ ವೃಂದ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯ ಧ್ವನಿಮುದ್ರಣಕ್ಕೆಂದೇ ಇದ್ದದ್ದು. ರಾತ್ರಿ ಬೇರೆ ಬೇರೆ ಹೋಟೆಲುಗಳಲ್ಲಿ ನುಡಿಸುತ್ತಿದ್ದ ಉತ್ತಮ ವಾದ್ಯಗಾರರನ್ನು ನೋಬಲ್ ಹಗಲಿನಲ್ಲಿ ಕರೆಸಿಕೊಳ್ಳುತ್ತಿದ್ದ. ೧೯೩೪ರ ‘ದಿ ವೆರಿ ಥಾಟ್ ಆಫ್ ಯು’ ಎಂಬ ಹಾಡು ನೋಬಲ್‌ನದೇ ರಚನೆ. ಅದರಲ್ಲಿ ಬೌಲಿ ತನ್ನ ಸರದಿ ಬರುವ ತನಕ ಒಂದು ನಿಮಿಷ ಕಾಯುತ್ತಾನೆ. ಬಂದಾಗ ಒಂದೇ ಒಂದು ಪಲ್ಲವಿ ಹಾಡಿ, ಮತ್ತೆ ವೃಂದಕ್ಕೆ ದಾರಿ ಬಿಟ್ಟು ಹಿಂದೆ ಸರಿಯುತ್ತಾನೆ. ಕಿರುಚಾಟವಿಲ್ಲ, ಅಲಂಕಾರವಿಲ್ಲ.

ಆ ಕಾಲದ ಪ್ಲೇಟುಗಳ ನಡುವಣ ಕಾಗದವನ್ನು ನೋಡಿದವರಿಗೆ ಒಂದು ಸೋಜಿಗ ಕಾಣುತ್ತದೆ. ಹಾಡಿನ ಹೆಸರಿರುತ್ತದೆ, ವೃಂದದ ನಾಯಕನ ಹೆಸರಿರುತ್ತದೆ, ಯಾವ ಹೆಜ್ಜೆಯ ಕುಣಿತಕ್ಕೆ ಹೊಂದುತ್ತದೆಂಬುದೂ ಇರುತ್ತದೆ. ಆದರೆ ಹಾಡಿದವನ ಹೆಸರು ಎಷ್ಟೋ ತಟ್ಟೆಗಳಲ್ಲಿ ಇರುವುದಿಲ್ಲ; “ಹಾಡಿನ ಪಲ್ಲವಿಯೊಡನೆ” ಎಂಬರ್ಥದ ಎರಡು ಮಾತು ಮಾತ್ರ. ಕಾಲಿಗೆ ಬೇಕಾದದ್ದನ್ನು ಅಚ್ಚುಹಾಕಿದರು, ಕೊರಳಿನ ಹೆಸರನ್ನು ಕೈಬಿಟ್ಟರು. ಸಾಲಾಗಿ ಕುಳಿತು ನುಡಿಸಿದವರ ಹೆಸರಂತೂ ಕೇಳುವಂತೆಯೇ ಇಲ್ಲ.

ಇದೆಲ್ಲ ಪರದೇಶದ ಮಾತು, ನಮಗೇನು ಎಂದು ಓದುಗರು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ. ಆ ಎಣಿಕೆಯನ್ನು ಕೆಡಿಸಿದವನು ನನ್ನ ಮೊಮ್ಮಗ. ಶ್ರಾವಣದಲ್ಲಿ ಒಂದು ದಿನ, ನಾನು ಪ್ಲೇಟುಗಳನ್ನು ಒರೆಸಿಡುತ್ತಿದ್ದಾಗ ನೆರವಾಗಲು ಬಂದ ಹುಡುಗ ಬೌಲಿಯ ಆ ಪ್ಲೇಟನ್ನೇ ಕೈಜಾರಿ ಬೀಳಿಸಿದ. ಗಾಜು ಒಡೆದಂತೆ ಸದ್ದಾಯಿತು. ನಾನು ಬಾಯಿ ತೆರೆದೆ. ಹುಡುಗನ ಮುಖ ನೋಡಿ ಮುಚ್ಚಿದೆ. ಅಂದು ವಿದ್ವಾಂಸರೂ ಅಲ್ಲಿಯೇ ಇದ್ದರು. ಅವರು ಬಗ್ಗಿ ಒಂದು ಚೂರನ್ನೆತ್ತಿಕೊಂಡು, ಮುರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ, “ಇದು ಅರಗಲ್ಲವೆ ಸ್ವಾಮಿ?” ಎಂದರು.

ಅರಗೇ ಹೌದು. ಆ ಕಾಲದ ತಟ್ಟೆಗಳೆಲ್ಲ ಕಲ್ಲಿನ ಪುಡಿಯನ್ನು ಅರಗಿನಿಂದ ಬೆಸೆದು, ಕಾಯಿಸಿ ಒತ್ತಿದವು. ಆ ಅರಗಿನ ಬಹುಭಾಗ ಹೋಗುತ್ತಿದ್ದುದು ನಮ್ಮ ದೇಶದಿಂದ. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗ, ಬೋರೆ, ಕುಸುಮ ಮರಗಳ ಕೊಂಬೆಯ ಮೇಲೆ ಅರಗಿನ ಹುಳು ಗೂಡು ಕಟ್ಟುತ್ತದೆ. ಅಲ್ಲಿಯ ಬುಡಕಟ್ಟಿನ ಜನ ಅದನ್ನು ಕೆರೆದು ತಂದರೆ, ಕರಗಿಸಿ ಸೋಸಿ, ಹಾಳೆಯಂತೆ ಎಳೆದು, ಕಲ್ಕತ್ತೆಯ ಹಡಗುಕಟ್ಟೆಯಿಂದ ಪಡುವಣ ದೇಶಗಳಿಗೆ ಕಳುಹಿಸುತ್ತಿದ್ದರು. ನಮ್ಮ ಚನ್ನಪಟ್ಟಣದ ಕುಶಲಿಗಳು ತಿರುಗುವ ಮರದ ಗೊಂಬೆಗೆ ಒತ್ತಿ ಹೊಳಪು ತರುವ ಅರಗೂ ಇದೇ ಜಾತಿಯದು. ನ್ಯೂಯಾರ್ಕಿನವರು ಕುಣಿದದ್ದೂ ಲಂಡನ್ನಿನವರು ಕುಣಿದದ್ದೂ ನಮ್ಮ ಕಾಡಿನ ಅರಗಿನ ಮೇಲೆ! ೧೯೪೨ರಲ್ಲಿ ಯುದ್ಧದ ಕಾರಣದಿಂದ ಇದರ ಸರಬರಾಜಿಗೆ ಅಡ್ಡಿಯಾದಾಗ ಅಮೆರಿಕದ ಸರ್ಕಾರ ತಟ್ಟೆಗಳಿಗೆ ಬಳಸುವ ಅರಗನ್ನು ನೂರಕ್ಕೆ ಎಪ್ಪತ್ತರಷ್ಟು ಕಡಿತ ಮಾಡಿತು. ಹಳೆಯ ತಟ್ಟೆಗಳನ್ನು ಕೂಡಿಸಿ ಪುಡಿಮಾಡಿ ಹೊಸದನ್ನು ಒತ್ತಬೇಕಾಯಿತು.

ಸಂಬಂಧ ಅರಗಿನೊಂದಿಗೆ ಮುಗಿಯಲಿಲ್ಲ. ಲಂಡನ್ನನ್ನು ಕಾಣುವ ಮೊದಲು, ೧೯೨೬ರ ಸುಮಾರಿನಲ್ಲಿ, ಇದೇ ಆಲ್ ಬೌಲಿ ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲಿನ ವಾದ್ಯವೃಂದದಲ್ಲಿ ಬ್ಯಾಂಜೊ ನುಡಿಸಿಕೊಂಡು ಹಾಡಿಕೊಂಡು ಇದ್ದವನು. ೧೯೩೫ರಲ್ಲಿ ಲಿಯಾನ್ ಆಬೆ ಎಂಬ ಕರಿಯ ನಾಯಕ ತನ್ನ ತಂಡವನ್ನು ಮುಂಬಯಿಯ ತಾಜ್ ಹೋಟೆಲಿಗೆ ಕರೆತಂದ. ಷಿಕಾಗೋದಲ್ಲಿ ಹೆಸರಾಗಿದ್ದ ಪಿಯಾನೊಗಾರ ಟೆಡ್ಡಿ ವೆದರ್‌ಫರ್ಡ್ ಇಲ್ಲಿಯೇ ನೆಲಸಿ, ೧೯೪೫ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ತಗುಲಿ ತೀರಿಕೊಂಡ. ಇವರ ಜೊತೆಯಲ್ಲಿಯೂ ಇವರನ್ನು ಕೇಳಿಯೂ ಪಳಗಿದವರಲ್ಲಿ ಗೋವೆಯ ವಾದ್ಯಗಾರರು ಹಲವರು. ಇಗರ್ಜಿಯ ಶಾಲೆಗಳಲ್ಲಿ ಸ್ವರಲಿಪಿ ಕಲಿತಿದ್ದ ಅವರು ಮುಂದೆ ಮುಂಬಯಿಯ ಚಿತ್ರಗೀತೆಗಳಿಗೆ ವಾದ್ಯಸಂಯೋಜನೆ ಮಾಡಿದರು. ಚಿಕ್ ಚಾಕಲೇಟ್ ಎಂದು ಹೆಸರಾದ ಆಂಟೋನಿಯೊ ವಾಜ್, ೧೯೫೧ರ ‘ಅಲ್‌ಬೇಲಾ’ ಚಿತ್ರದಲ್ಲಿ ತನ್ನ ತಂಡದೊಡನೆ ತೆರೆಯ ಮೇಲೆಯೇ ಬಂದ. ಚಿತ್ರಗಳ ಶೀರ್ಷಿಕೆಯಲ್ಲಿ ಸಂಗೀತ ನಿರ್ದೇಶಕರ ಹೆಸರು ದೊಡ್ಡದಾಗಿ ಮೂಡುತ್ತಿತ್ತು. ವಾದ್ಯಗಳ ನುಡಿಯನ್ನು ಬರೆದುಕೊಟ್ಟ ಗೋವೆಯವರ ಹೆಸರು ಬಹುಮಟ್ಟಿಗೆ ಮರೆಯಲ್ಲಿಯೇ ಉಳಿಯಿತು. ಪಡುವಣದ ತಟ್ಟೆಯ ಕಾಗದದ ನೀತಿ ಇಲ್ಲಿಯೂ ತಪ್ಪಲಿಲ್ಲ!

ಸಿರಿವಂತರ ಹೋಟೆಲಿನ ಸಂಗೀತವಿದು, ಬಡವರ ಸಂಕಟದ ಕಾಲದಲ್ಲಿ ಕುಣಿದವರ ಸಂಗೀತ, ಎಂಬ ಆಕ್ಷೇಪವೊಂದಿದೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ೧೯೨೩ರಿಂದಲೇ ಬಿ.ಬಿ.ಸಿ. ಲಂಡನ್ನಿನ ಸವಾಯ್ ಹೋಟೆಲಿನ ವೃಂದಗಳನ್ನು ಬಾನುಲಿಯಲ್ಲಿ ಬಿತ್ತರಿಸತೊಡಗಿತ್ತು. ಆ ಹೋಟೆಲಿನ ಬಾಗಿಲನ್ನು ಎಂದೂ ದಾಟಲಾರದವರು ತಮ್ಮ ಅಡುಗೆಮನೆಯಲ್ಲಿ ಕುಳಿತು ಅದನ್ನು ಕೇಳಿದರು. ಸಿರಿವಂತರು ಕುಣಿದರು, ಬಡವರು ಕೇಳಿದರು. ಸಂಗೀತ ಯಾರದಾಯಿತೆಂದು ಹೇಳುವುದು ಕಷ್ಟವೇನಲ್ಲ.

ಇನ್ನು ನುಡಿಸಿದವರು. ೧೯೪೧ರ ಮಾರ್ಚ್ ೮ರ ರಾತ್ರಿ ಲಂಡನ್ನಿನ ಕೆಫೆ ಡಿ ಪ್ಯಾರಿಸ್ ಎಂಬ ನೆಲಮಾಳಿಗೆಯ ನೃತ್ಯಶಾಲೆಯಲ್ಲಿ ಕೆನ್ ಜಾನ್ಸನ್ ಎಂಬ ಕರಿಯ ನಾಯಕನ ವೃಂದ ನುಡಿಸುತ್ತಿತ್ತು. ನೆಲದಡಿಯೆಂದು ಅಲ್ಲಿ ಎಲ್ಲರೂ ನಿರ್ಭಯರಾಗಿದ್ದರು. ಜರ್ಮನರ ಬಾಂಬು ಮೇಲಿನಿಂದ ನೇರವಾಗಿ ಒಳಕ್ಕೆ ಇಳಿಯಿತು. ಗಯಾನಾದಲ್ಲಿ ಹುಟ್ಟಿದ್ದ ಜಾನ್ಸನ್, ಇಪ್ಪತ್ತಾರರ ತರುಣ, ಅಲ್ಲಿಯೇ ಸತ್ತ. ಜೊತೆಗೆ ಮೂವತ್ತಕ್ಕೂ ಹೆಚ್ಚು ಮಂದಿ. ಅದಾದ ನಲವತ್ತನೆಯ ದಿನ, ಏಪ್ರಿಲ್ ೧೭ರ ನಸುಕಿನಲ್ಲಿ, ಆಲ್ ಬೌಲಿ ತನ್ನ ಕೋಣೆಯಲ್ಲಿ ಸಿಡಿಮದ್ದಿನ ಆಘಾತಕ್ಕೆ ಬಲಿಯಾದ. ಹಿಂದಿನ ಸಂಜೆ ಊರಾಚೆ ಹಾಡಿ, ಅಲ್ಲಿ ತಂಗುವ ಅವಕಾಶವಿದ್ದರೂ ಕೊನೆಯ ರೈಲು ಹಿಡಿದು ಮನೆಗೆ ಬಂದಿದ್ದ. ಅವನನ್ನು ಹ್ಯಾನ್‌ವೆಲ್ ಎಂಬಲ್ಲಿ ಇತರ ಹಲವರೊಡನೆ ಒಂದೇ ಸಾಮೂಹಿಕ ಗುಳಿಯಲ್ಲಿ ಹೂಳಿದರು.

ಪ್ಲೇಟು ಒಡೆದ ದಿನಕ್ಕೆ ಹಿಂದಿರುಗುತ್ತೇನೆ. ಚೂರುಗಳನ್ನು ಆಯುತ್ತ ನಾನು ಈ ಕಥೆಯನ್ನೆಲ್ಲ ಹೇಳಿದೆ. ಹುಡುಗ ಒಂದು ಮೂಲೆಯಲ್ಲಿ ನಿಂತು ಕೇಳುತ್ತಿದ್ದವನು, “ತಾತ, ಅದೇ ಹಾಡು ಇದರಲ್ಲಿದೆ” ಎಂದು ಅವನ ತಾಯಿಯ ಫೋನನ್ನು ತಂದು ನಮ್ಮಿಬ್ಬರ ನಡುವೆ ಇಟ್ಟ. ಬೌಲಿ ಹಾಡಿದ. ಮುಳ್ಳಿನ ಗರಗರವಿಲ್ಲದೆ, ಮೊನ್ನೆ ಹಾಡಿದಂತೆ ಹಾಡಿದ. ವಿದ್ವಾಂಸರು ಕಣ್ಣುಮುಚ್ಚಿ ಕುಳಿತಿದ್ದರು. ಮುಗಿದ ಮೇಲೆ, “ಮತ್ತೊಮ್ಮೆ ಹಾಕಪ್ಪ” ಎಂದರು. ಎರಡನೆಯ ಸಲ ಅವರ ಎಡಗೈಯ ಬೆರಳುಗಳು ತೊಡೆಯ ಮೇಲೆ ಏನನ್ನೋ ಒತ್ತುತ್ತಿದ್ದುವು. ನಾನು ನೋಡಿದ್ದನ್ನು ಕಂಡು ತುಸು ನಾಚಿ ಹೇಳಿದರು: “ಹಾಡುವವನ ಹಿಂದೆ ಪಿಟೀಲು ಇದೆ, ಗಮನಿಸಿದಿರಾ? ಎಷ್ಟು ಅಡಗಿ ನುಡಿಸುತ್ತಾನೆ! ಪಕ್ಕವಾದ್ಯವೆಂದರೆ ಇದು. ಯಾರು ಸ್ವಾಮಿ ಅವನು?”

ನನಗೆ ಹೇಳಲು ಹೆಸರಿರಲಿಲ್ಲ. ನಲವತ್ತು ವರ್ಷ ಇತರರ ಎಡಗಡೆ ಕುಳಿತು ನುಡಿಸಿದ ವಿದ್ವಾಂಸರಿಗೆ ಅದನ್ನು ವಿವರಿಸಬೇಕಾಗಿಯೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಮಾತೆತ್ತಿದರು: “ಮನೋಧರ್ಮವಿಲ್ಲವೆಂದು ಅಂದು ಹೇಳಿದೆನಲ್ಲ, ಅದು ಸರಿಯಲ್ಲ. ತನ್ನನ್ನು ಎಷ್ಟು ಕಾಣಿಸಬಾರದು ಎಂಬುದೂ ಒಂದು ಮನೋಧರ್ಮವೇ.” ಮತ್ತೆ ನೆನಪಾದವರಂತೆ, “ನಮ್ಮ ಕದ್ರಿ ಗೋಪಾಲನಾಥರೂ ಸ್ಯಾಕ್ಸೊಫೋನನ್ನು ಮೊದಲು ಕೇಳಿದ್ದು ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿಯೇ ಅಲ್ಲವೆ! ಕೇಳುವ ಕಿವಿ ಇದ್ದರೆ ಯಾವ ವಾದ್ಯವಾದರೇನು” ಎಂದರು.

ಆಷಾಢದಲ್ಲಿ ಅವರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಹೀಗೆ ಅವರ ಬಾಯಿಂದಲೇ ಬಂತು. ಕೇಳುವವರಿಲ್ಲದ ಕಡೆಯೂ ಚೆನ್ನಾಗಿ ನುಡಿಸಿದವರ ಸಂಗೀತವಿದು. ಕಾಲುಗಳು ದಣಿದು ಮನೆಗೆ ಹೋಗಿ ಎಷ್ಟೋ ಕಾಲವಾಯಿತು. ಆ ನೃತ್ಯಶಾಲೆಗಳಲ್ಲಿ ಹಲವು ಇಂದು ಇಲ್ಲ. ಅಂದು ಯಾರೂ ಕೇಳದೆ ಬಿಟ್ಟ ಆ ನಾಲ್ಕು ಸ್ವರಗಳ ಉತ್ತರ ಮಾತ್ರ ಉಳಿದಿದೆ. ಕುಣಿಯಲಾರದ ನಮ್ಮಂಥವರು ಕುಳಿತು ಅದನ್ನು ಕೇಳಿದರೆ, ಹೆಸರು ಬರೆಯದೆ ಬಿಟ್ಟವರ ಸಾಲವನ್ನು ಒಂದಿಷ್ಟು ತೀರಿಸಿದಂತಾಗುತ್ತದೆ.

ಒಡೆದ ಚೂರುಗಳಲ್ಲಿ ಒಂದನ್ನು ವಿದ್ವಾಂಸರು ಕೇಳಿ ತೆಗೆದುಕೊಂಡು ಹೋದರು. ಅದು ಅವರ ಪಿಟೀಲಿನ ಪೆಟ್ಟಿಗೆಯಲ್ಲಿ, ರಾಳದ ಬಿಲ್ಲೆಯ ಪಕ್ಕದಲ್ಲಿದೆ. ಹುಡುಗನಾದರೋ ಈಗ ಭಾನುವಾರ ಬೆಳಗ್ಗೆ ತಾನೇ ಗ್ರಾಮಫೋನಿಗೆ ಕೀಲಿ ಕೊಡುತ್ತಾನೆ. ಪ್ಲೇಟನ್ನು ಎರಡು ಕೈಯಿಂದಲೂ ಹಿಡಿಯುತ್ತಾನೆ.